ತಾಳೆ ಬೇಡವೆಂದ ನೀರು

ನೀಲವ್ವನ ಹಿತ್ತಲಿನ ಹಳೆಯ ಬಿಂದಿಗೆಗೆ ತಾಳೆಯ ಸಸಿ ಎಂದರೆ ಪ್ರಾಣ. ಅದು ಮೊಳೆತಂದಿನಿಂದ ಮೂರು ವರ್ಷ ತಪ್ಪದೆ ನೀರೆರೆದು, ಬೀಸಣಿಗೆಯಂಥ ಎಲೆಗಳು ಒಂದೊಂದಾಗಿ ಬಿಚ್ಚುವುದನ್ನು ಕಣ್ತುಂಬ ಕಂಡಿತ್ತು. ಆ ಬೇಸಿಗೆಯಲ್ಲಿ ತೊಟ್ಟಿಯ ತಳದಲ್ಲಿ ಒಂದೇ ಬಿಂದಿಗೆ ನೀರು ಉಳಿಯಿತು. ಬಿಂದಿಗೆ ಅದನ್ನು ತುಂಬಿಕೊಂಡು ನೇರವಾಗಿ ತಾಳೆಯ ಬಳಿಗೆ ಬಂತು.

“ನನಗೆ ಬೇಡಮ್ಮ. ಪಕ್ಕದ ಮಲ್ಲಿಗೆ ಬಾಡುತ್ತಿದ್ದಾಳೆ, ಅವಳಿಗೆ ಕೊಡು,” ಎಂದಿತು ತಾಳೆ.

“ಹಾಗಾದರೆ ನಾನು ನಿನಗೆ ಬೇಡವಾದೆನೇ?” ಎಂದು ಬಿಂದಿಗೆ ಮುನಿಸಿನಿಂದ ಕೇಳಿತು.

“ನೀನು ಎರೆದ ನೀರಿನ ಜಾಡು ಹಿಡಿದೇ ನನ್ನ ಬೇರು ಆಳಕ್ಕೆ ಇಳಿದಿದೆ. ಅಲ್ಲಿ ಈಗಲೂ ತೇವವಿದೆ.”

ಬಿಂದಿಗೆ ಮಲ್ಲಿಗೆಯ ಬುಡಕ್ಕೆ ಬಾಗಿತು. ಸಂಜೆ ಮಲ್ಲಿಗೆ ತಲೆಯೆತ್ತಿದಾಗ, “ಆ ತಾಳೆಯನ್ನು ಬೆಳೆಸಿದವಳು ನಾನೇ,” ಎಂದು ಹೆಮ್ಮೆಯಿಂದ ಹೇಳಿಕೊಂಡಿತು.