ಬೋಂಡನ ಮನೆಯ ಅಳತೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಹೇಳಿಕೊಳ್ಳುವಂಥ ದೊಡ್ಡ ಮಠವೇನಲ್ಲ. ಒಂದು ಪ್ರಾರ್ಥನಾ ಮಂದಿರ, ಒಂದು ಅಡುಗೆಮನೆ, ಶಿಷ್ಯರಿಗೆ ಒಂದಿಷ್ಟು ಕೋಣೆ, ಅಷ್ಟೆ. ಆದರೆ ಅಲ್ಲಿದ್ದ ಗುರುಗಳು ದೊಡ್ಡವರು. ಸುತ್ತಿನ ಊರಿನವರು ಯಾರೂ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ದೊಡ್ಡಬುದ್ಧಿಯವರು.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದ ಶಿಷ್ಯ ತಾನಿರುವ ಜಾಗವನ್ನು ತಾನೇ ಆರಿಸಿಕೊಳ್ಳಬೇಕು. ಗುರುಗಳು ಬೇಡ ಎನ್ನುತ್ತಿರಲಿಲ್ಲ, ಭೇಷ್ ಎನ್ನುತ್ತಲೂ ಇರಲಿಲ್ಲ.

ಪಂಚಾಕ್ಷರಿ ಎಂಬ ಶಿಷ್ಯ ಆರಿಸಿಕೊಂಡದ್ದು ಮೆಟ್ಟಿಲ ಕೆಳಗಿನ ಗೂಡು. ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಮಲಗಿದರೆ ಪಾದ ಎರಡೂ ಹೊರಗೆ.

ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬ. ಮಠಕ್ಕೆ ಯಾರೇ ಬರಲಿ, ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಅವರನ್ನು ಆ ಗೂಡಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಮನುಷ್ಯ ಒಳ್ಳೆಯವನೇ. ವೈರಾಗ್ಯ ಸ್ವಲ್ಪ ತಲೆಗೇರಿತ್ತು, ಅಷ್ಟೆ.

ಒಂದು ದಿನ ಶಿವನಂಜಪ್ಪ ಎಂಬ ಭಕ್ತರು ಮಗಳನ್ನು ಕರೆದುಕೊಂಡು ಬಂದರು. ಮಗಳ ಹೆಸರು ಇಂಚರ. ಅವಳ ಕೈಯಲ್ಲಿ ತೂತು ಕೊರೆದ ರಟ್ಟಿನ ಡಬ್ಬಿ. ಒಳಗೆ ಬೆಲ್ಲದ ಬಣ್ಣದ ಪುಟ್ಟ ಪ್ರಾಣಿ. ಇಲಿಯ ಹಾಗಿತ್ತು, ಆದರೆ ಬಾಲವೇ ಇಲ್ಲವೆನ್ನಬೇಕು. ಕೆನ್ನೆ ಉಬ್ಬಿಸಿಕೊಂಡು ಕೂತಿತ್ತು.

"ಹ್ಯಾಮ್‌ಸ್ಟರ್ ಅಂತಾರೆ ಬುದ್ಧೀ. ಇವಳ ಸೋದರಮಾವ ತಂದುಕೊಟ್ಟಿದ್ದು. ಇವಳಮ್ಮನಿಗೆ ಮೈಸೂರಿನಲ್ಲಿ ಆಪರೇಷನ್ ಇದೆ. ನಾವು ವಾಪಸ್ ಬರೋವರೆಗೆ ಇದು ಇಲ್ಲಿರಬಹುದಾ?" ಎಂದರು ಶಿವನಂಜಪ್ಪ.

"ಇರಲಿ. ಏನಮ್ಮ ಇದರ ಹೆಸರು?" ಎಂದರು ಗುರುಗಳು.

"ಬೋಂಡ."

"ಒಳ್ಳೆ ಹೆಸರು. ಪಂಚಾಕ್ಷರಿ, ಬೋಂಡನಿಗೆ ಒಂದು ಮನೆ ತಗೊಂಡು ಬಾ."

ಹುಡುಗಿ ಪಂಚಾಕ್ಷರಿಯ ಮುಖವನ್ನೇ ನೋಡಿದಳು. "ಅಮ್ಮ ಹುಷಾರಾಗಿ ಬರ್ತಾಳೆ ಅಂತ ಅಪ್ಪ ಹೇಳಿದಾನೆ. ಬೋಂಡನೂ ಹುಷಾರಾಗಿರ್ತಾನೆ ಅಂತ ನೀವು ಹೇಳಿ."

"ಹುಷಾರಾಗಿರ್ತಾನೆ. ಅದು ನನ್ನ ಜವಾಬ್ದಾರಿ" ಎಂದ ಪಂಚಾಕ್ಷರಿ.

ಗುರುಗಳು ಆ ಸಂಜೆಯೇ ಭಕ್ತರ ಮನೆಗಳ ಪಾದಪೂಜೆಗೆಂದು ಸುತ್ತಿನ ಊರುಗಳಿಗೆ ಹೊರಟರು. ಪಂಚಾಕ್ಷರಿ ಪೇಟೆಗೆ ಹೊರಟ.

ಅಂಗಡಿಯಲ್ಲಿ ಪಂಜರಗಳು ಸಾಲಾಗಿದ್ದವು. ಒಂದಕ್ಕಿಂತ ಒಂದು ದೊಡ್ಡವು. ಪಂಚಾಕ್ಷರಿಯ ಕಣ್ಣು ಬಿದ್ದದ್ದು ಮೂಲೆಯಲ್ಲಿದ್ದ ತೀರ ಸಣ್ಣದರ ಮೇಲೆ. ಊಟದ ಕ್ಯಾರಿಯರ್‌ನಷ್ಟು ಇತ್ತು. ಮೇಲೊಂದು ಹಿಡಿ ಬೇರೆ.

"ಸ್ವಾಮಿ, ಇದು ಮನೆಗೆ ಒಯ್ಯೋದಕ್ಕೆ ಮಾತ್ರ. ಇರೋದಕ್ಕಲ್ಲ" ಎಂದ ಅಂಗಡಿಯವನು.

ಪಂಚಾಕ್ಷರಿ ನಸುನಕ್ಕ. "ಇರೋದಕ್ಕೆ ಎಷ್ಟು ಬೇಕಪ್ಪ? ಮನಸ್ಸು ಒಗ್ಗಬೇಕು."

ಅಂಗಡಿಯವನು ಪಂಜರ ಎತ್ತಿ ಕೊಟ್ಟ. ಸ್ವಾಮಿಗಳ ಹತ್ತಿರ ಯಾರು ವಾದ ಮಾಡುತ್ತಾರೆ?

ಬೋಂಡನ ಮನಸ್ಸು ಒಗ್ಗಲಿಲ್ಲ. ಕತ್ತಲಾಗುವುದೇ ತಡ, ಎದ್ದು ಸರಳು ಕಡಿಯುವುದಕ್ಕೆ ಶುರು. ಕಟಕಟ, ಕಟಕಟ. ಒಂದು ಸರಳು ಬಿಟ್ಟು ಇನ್ನೊಂದು. ನಾಲ್ಕು ಹೆಜ್ಜೆ ಹಾಕಿದರೆ ಗೋಡೆ, ತಿರುಗಿದರೆ ಮತ್ತೆ ಗೋಡೆ. ಕೊನೆಗೆ ಮೂತಿ ಕೆಂಪಾಯಿತು, ಮೂಗಿನ ಮೇಲಿನ ಕೂದಲು ಉದುರಿತು. ಕಾಳು ಹಾಕಿದರೆ ಮೂಸಿ ಬಿಡುತ್ತಿತ್ತು.

ಪಂಚಾಕ್ಷರಿ ಅದರ ಮುಂದೆ ಕೂತು ಸಮಾಧಾನ ಹೇಳಿದ. ನಾಮಸ್ಮರಣೆಯನ್ನೂ ಕೇಳಿಸಿದ. ಬೋಂಡ ಕಡಿಯುತ್ತಲೇ ಇತ್ತು.

ಕೆಲವು ದಿನ ಬಿಟ್ಟು ಮರಳಿದ ಗುರುಗಳು ಕೈಕಾಲು ತೊಳೆದು ಮೊದಲು ಕೇಳಿದ್ದು ಬೋಂಡನನ್ನೇ. ಪಂಚಾಕ್ಷರಿ ಪಂಜರ ತಂದು ಮುಂದಿಟ್ಟ. ಅವರು ಬಗ್ಗಿ ನೋಡಿದರು.

"ಮೂತಿಗೇನಾಯಿತೋ?"

"ಸರಳು ಕಡಿಯುತ್ತೆ ಬುದ್ಧೀ. ಇನ್ನೂ ಆಸೆ ಬಿಟ್ಟಿಲ್ಲ."

"ಯಾವ ಆಸೆ?"

"ಹೊರಗಿನದು. ನನಗೂ ಮೆಟ್ಟಿಲ ಕೆಳಗೆ ಮೊದಮೊದಲು ಹಾಗೇ ಆಗ್ತಿತ್ತು. ಬರಬರುತ್ತಾ ಅಭ್ಯಾಸವಾಗುತ್ತೆ."

ಗುರುಗಳು ಅವನನ್ನೂ ನೋಡಿದರು, ಬೋಂಡನನ್ನೂ ನೋಡಿದರು.

"ಇದಕ್ಕೆ ದೀಕ್ಷೆ ಕೊಟ್ಟವರು ಯಾರಪ್ಪ?"

ಪಂಚಾಕ್ಷರಿ ಪಂಜರದ ಕಡೆ ನೋಡಿದ.

"ನೀನು ಗೂಡು ಸೇರಿದ್ದು ನಿನ್ನಿಷ್ಟ. ನಾನು ಬೇಡ ಅಂದೆನಾ? ಇಲ್ಲ. ಇದರ ಇಷ್ಟ ಏನು ಅಂತ ಕೇಳಿದೆಯಾ?"

"ಅಂಗೈ ತುಂಬ ಇಲ್ಲದ ಜೀವ ಬುದ್ಧೀ. ಇದಕ್ಕೆಷ್ಟು ಜಾಗ ಬೇಕು?"

"ನನಗೂ ಗೊತ್ತಿಲ್ಲ. ಇದನ್ನೇ ಕೇಳೋಣ. ಅಡುಗೆಮನೆಯಿಂದ ಅಕ್ಕಿಹಿಟ್ಟು ತಗೊಂಡು ಬಾ."

ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಗುರುಗಳು ಮಂದಿರ ಖಾಲಿ ಮಾಡಿಸಿದರು. ಬಾಗಿಲು ಹಾಕಿಸಿದರು, ನೀರು ಹೋಗುವ ತೂಬಿಗೆ ಬಟ್ಟೆ ತುರುಕಿಸಿದರು, ಮಠದ ಬೆಕ್ಕನ್ನು ಹೊರಗಟ್ಟಿಸಿದರು. ಆಮೇಲೆ ಸ್ವತಃ ಜರಡಿ ಹಿಡಿದು ನೆಲದ ತುಂಬ ಹಿಟ್ಟು ಉದುರಿಸಿದರು. ಆ ವಯಸ್ಸಿನಲ್ಲಿ, ಸೊಂಟ ಬಗ್ಗಿಸಿಕೊಂಡು, ಒಂದು ಮೂಲೆಯನ್ನೂ ಬಿಡದೆ. ಪಂಚಾಕ್ಷರಿ ಜರಡಿ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

ಒಂದು ಇಲಿಗೋಸ್ಕರ ಇಷ್ಟೆಲ್ಲ ಯಾಕೆ ಅಂತ ಯಾರಿಗಾದರೂ ಅನ್ನಿಸಬಹುದು. ಅವರ ದೊಡ್ಡತನ ಇದ್ದದ್ದೇ ಅಲ್ಲಿ. ಮಂತ್ರಿ ಬಂದಾಗ ಎದ್ದು ನಿಲ್ಲದವರು ಬೋಂಡನಿಗಾಗಿ ನೆಲಕ್ಕೆ ಬಗ್ಗಿದರು.

ಪಂಜರದ ಬಾಗಿಲು ತೆಗೆದು, ನೀರೂ ಕಾಳೂ ಇಟ್ಟು, ಇಬ್ಬರೂ ಹೊರಗೆ ಬಂದರು.

ಬೆಳಗ್ಗೆ ಬಾಗಿಲು ತೆಗೆದ ಪಂಚಾಕ್ಷರಿ ಹೊಸ್ತಿಲಲ್ಲೇ ನಿಂತುಬಿಟ್ಟ.

ಬಿಳಿ ನೆಲದ ತುಂಬ ಹೆಜ್ಜೆ. ಸಾಸಿವೆ ಚೆಲ್ಲಿದ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ. ಗೋಡೆಯ ಗುಂಟ ಹೋಗಿತ್ತು, ಬಂದಿತ್ತು, ನಡುವೆ ಅಡ್ಡ ಹಾದಿತ್ತು, ಕಂಬ ಕಂಬಕ್ಕೂ ಸುತ್ತು ಹಾಕಿತ್ತು. ಒಂದು ಕಡೆ ಹಿಟ್ಟು ಕೆದರಿ ಗುಂಡಿ ತೋಡಲು ನೋಡಿತ್ತು. ದೂರದ ಮೂಲೆಯಲ್ಲಿ ಕಾಳಿನ ಪುಟ್ಟ ರಾಶಿ. ಕೆನ್ನೆಯಲ್ಲಿ ತುಂಬಿಕೊಂಡು ಹೋಗಿ ಹೋಗಿ ಅಲ್ಲಿ ಕೂಡಿಟ್ಟಿತ್ತು.

ಪಂಚಾಕ್ಷರಿ ಹಗ್ಗ ತಂದು ಆ ದಾರಿಯನ್ನು ಅಳೆಯಲು ಕೂತ. ಹಗ್ಗ ಮುಗಿಯಿತು, ಹೆಜ್ಜೆ ಮುಗಿಯಲಿಲ್ಲ. ಬಾವಿಯ ಹಗ್ಗ ತಂದು ಕಟ್ಟಿದ. ಅದೂ ಸಾಲಲಿಲ್ಲ. ಹಗ್ಗ ಕೈಯಲ್ಲಿ ಹಿಡಿದು ಅಲ್ಲೇ ಕುಸಿದು ಕೂತ. ಇಷ್ಟು ದಾರಿಯನ್ನು ತಾನು ಊಟದ ಕ್ಯಾರಿಯರ್‌ನಷ್ಟು ಜಾಗದಲ್ಲಿ ಮಡಚಿ ಇಟ್ಟಿದ್ದೆನಲ್ಲ ಎಂದುಕೊಂಡ.

"ಬೋಂಡ ಎಲ್ಲಿ?" ಎಂದರು ಹಿಂದಿನಿಂದ ಗುರುಗಳು.

ಗುರುಗಳು ಬಿಟ್ಟರೆ ಇನ್ನಾರೂ ಕೂರದ ಪೀಠದ ಮೇಲೆ, ಹಾಸಿದ ಬಟ್ಟೆಯ ಮಡಿಕೆಯಲ್ಲಿ, ಬೋಂಡ ಮುದುಡಿ ನಿದ್ದೆ ಮಾಡುತ್ತಿತ್ತು. ಪಂಚಾಕ್ಷರಿ ಗಾಬರಿಯಿಂದ ಎತ್ತಲು ಹೋದ.

"ಮಲಗಲಿ ಬಿಡೋ. ಅಷ್ಟು ಓಡಾಡಿ ಬಂದು ಕೂತಿದೆ. ನಾನೇ ಅಷ್ಟು ದುಡಿದು ಅಲ್ಲಿ ಕೂತವನಲ್ಲ."

ಪಂಚಾಕ್ಷರಿ ತಗ್ಗಿದ ದನಿಯಲ್ಲಿ ಕೇಳಿದ, "ಹಾಗಾದರೆ ನಾನೂ ಆ ಗೂಡು ಬಿಡಬೇಕಾ ಬುದ್ಧೀ?"

"ಬಿಡಬೇಡ. ನಿನಗೆ ಅಲ್ಲಿ ಜಾಗ ಸಾಕು. ಬಂದವರಿಗೆಲ್ಲ ಅದನ್ನ ತೋರಿಸ್ತೀಯಲ್ಲ, ಆ ಹೆಮ್ಮೆಗೆ ಮಾತ್ರ ಇಕ್ಕಟ್ಟಾಗಿದೆ."

ಪಂಚಾಕ್ಷರಿಯ ಕಿವಿ ಬಿಸಿಯಾಯಿತು.

ಗುರುಗಳು ಪಡಸಾಲೆಗೆ ನಡೆದರು. ಅಲ್ಲಿ ಒಂದು ತೇಗದ ಬೀರು. ಗಾಜಿನ ಬಾಗಿಲು. ಊರೂರಿನವರು ಗುರುಗಳಿಗೆ ಸನ್ಮಾನ ಮಾಡಿ ಕೊಟ್ಟ ಫಲಕ, ಪೇಟ, ಗಂಧದ ಹಾರ, ಸುರುಳಿ ಸುತ್ತಿದ ಸನ್ಮಾನಪತ್ರ ಎಲ್ಲ ಅದರೊಳಗೆ. ಮಠಕ್ಕೆ ಬಂದವರು ಮೊದಲು ಕೈಮುಗಿಯುತ್ತಿದ್ದದ್ದು ಆ ಬೀರುವಿಗೇ.

"ಇದನ್ನ ಖಾಲಿ ಮಾಡು."

"ಬುದ್ಧೀ, ಇದು ನಿಮ್ಮ..."

"ಅಡ್ಡ ಮಲಗಿಸು. ಹಲಗೆ ಬಿಚ್ಚು. ಗಾಜು ತೆಗೆದು ಜಾಲರಿ ಹೊಡೆಸು, ಗಾಳಿ ಬೇಕು. ಕೆಳಗೆ ಮರದ ಹೊಟ್ಟು ದಪ್ಪಗೆ ಹಾಕು, ಅದು ತೋಡಲಿ. ಓಡುವ ಚಕ್ರ ದೊಡ್ಡದು ನೋಡಿ ತಾ, ಬೆನ್ನು ಬಾಗಬಾರದು."

"ಗೂಡು ಕಟ್ಟೋದಕ್ಕೆ ಮೆತ್ತಗಿರೋದು ಏನಾದರೂ ಬೇಕು ಬುದ್ಧೀ."

ಗುರುಗಳು ಒಂದು ಸನ್ಮಾನಪತ್ರ ಬಿಚ್ಚಿ ಬೆರಳಲ್ಲಿ ಉಜ್ಜಿ ನೋಡಿದರು.

"ಇದು ಮೆತ್ತಗಿದೆ. ಅಕ್ಷರ ಇಲ್ಲದ ಅಂಚು ನೋಡಿ ಹರಿದು ಹಾಕು. ಶಾಯಿ ಹೊಟ್ಟೆಗೆ ಹೋದರೆ ಕಷ್ಟ."

ಬೋಂಡ ಆ ಅಂಚುಗಳನ್ನೆಲ್ಲ ಕೆನ್ನೆಗೆ ತುರುಕಿಕೊಂಡು ಬೀರುವಿನ ಮೂಲೆಯಲ್ಲಿ ಹಾಸಿಗೆ ಮಾಡಿಕೊಂಡಿತು. ಸರಳೇ ಇಲ್ಲ, ಇನ್ನು ಕಡಿಯುವುದೇನು? ತಿಂದಿತು, ತೋಡಿತು, ಓಡಿತು. ಮೂಗಿನ ಮೇಲೆ ಕೂದಲು ಬಂತು. ಪಂಚಾಕ್ಷರಿ ಬೆಳಗೆದ್ದು ಮೊದಲು ನೋಡುತ್ತಿದ್ದದ್ದು ಆ ಮೂಗನ್ನೇ. ಹುಡುಗಿಗೆ ಕೊಟ್ಟ ಮಾತು ಉಳಿಯಿತಲ್ಲ ಎಂದು ಅವನ ಜೀವ ತಣ್ಣಗಾಯಿತು.

ಶಿವನಂಜಪ್ಪ ಬಂದದ್ದು ಒಂದು ಮುಸ್ಸಂಜೆ. ಇಂಚರಳ ಅಮ್ಮ ಮೆಲ್ಲಗೆ ನಡೆದು ಬಂದು ಜಗಲಿಯ ಮೇಲೆ ಕೂತರು. ಸೊರಗಿದ್ದರು, ಆದರೆ ನಗುತ್ತಿದ್ದರು.

ಇಂಚರ ನೇರ ಬೀರುವಿನ ಹತ್ತಿರ ಓಡಿದಳು. ಬೋಂಡ ಆಗ ತಾನೇ ಎದ್ದು, ಹೊಟ್ಟಿನಿಂದ ತಲೆ ಹೊರಗೆ ಹಾಕಿ, ಈ ತುದಿಯಿಂದ ಆ ತುದಿಗೆ ಓಡಿತು. ಹುಡುಗಿ ಜಾಲರಿಗೆ ಮುಖ ಒತ್ತಿಕೊಂಡು ನೋಡಿದಳು.

"ಅಪ್ಪಾ, ಇವನಿಗೆ ಓಡೋಕೆ ಬರತ್ತೆ."

ಬೀರು ಸಮೇತ ಒಯ್ಯಿರಿ ಎಂದರು ಗುರುಗಳು. ಶಿವನಂಜಪ್ಪ ಬೀರು ನೋಡಿ ತಲೆ ಕೆರೆದುಕೊಂಡರು. "ಬುದ್ಧೀ, ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಇಷ್ಟು ದೊಡ್ಡದನ್ನ ಎಲ್ಲಿ ಇಡೋದು? ಆ ಸಣ್ಣ ಪಂಜರ ಇದೆಯಲ್ಲ, ಅದನ್ನೇ ಕೊಡಿ, ಸಾಕು."

"ಅದರಲ್ಲಿ ಬೇಡ."

ಇಷ್ಟು ಗಟ್ಟಿಯಾಗಿ ಪಂಚಾಕ್ಷರಿ ಯಾವ ಭಕ್ತರ ಹತ್ತಿರವೂ ಮಾತಾಡಿರಲಿಲ್ಲ. ಅವನಿಗೇ ಮುಜುಗರವಾಯಿತು. "ಬೋಂಡ ಇಲ್ಲೇ ಇರಲಿ. ನಾನು ನೋಡ್ಕೋತೀನಿ. ಮಗು ಬೇಕಾದಾಗ ಬಂದು ನೋಡಲಿ."

ಇಂಚರಳ ಕಣ್ಣು ತುಂಬಿತು. ಅವಳು ಅಳಲಿಲ್ಲ. ಬೀರುವಿನ ಪಕ್ಕ ನೆಲದ ಮೇಲೆ ಉದ್ದಕ್ಕೆ ಮಲಗಿ, ತಲೆ ಎಲ್ಲಿಗೆ ಬಂತು, ಕಾಲು ಎಲ್ಲಿಗೆ ಬಂತು ಎಂದು ನೋಡಿದಳು. ಎದ್ದು ಕೂತಳು.

"ಅಪ್ಪಾ, ಇದು ನನ್ನ ಮಂಚದಷ್ಟೇ ಇದೆ. ಮಂಚ ಮಾವನ ಮನೆಗೆ ಕೊಟ್ಟುಬಿಡು. ಆ ಜಾಗದಲ್ಲಿ ಬೋಂಡ ಇರಲಿ."

"ನೀನೆಲ್ಲಿ ಮಲಗ್ತೀಯೇ?" ಎಂದರು ಅವಳಮ್ಮ.

"ನಿನ್ನ ಹತ್ತಿರ ಚಾಪೆ ಹಾಸ್ಕೋತೀನಿ."

"ಚಳಿಗಾಲದಲ್ಲಿ ನೆಲ ಕೊರೆಯುತ್ತೆ ಕಣೇ. ಕಷ್ಟ ಆಗಲ್ವಾ?"

ಹುಡುಗಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾವ ಕಷ್ಟ? ಇವನು ಓಡೋ ಸದ್ದು ಕೇಳ್ತಾ ಮಲಗಬಹುದು" ಎಂದು ಮತ್ತೆ ಜಾಲರಿಯ ಕಡೆ ತಿರುಗಿದಳು. ಆ ಮಾತು ಅವಳಿಗೆ ಅಲ್ಲಿಗೇ ಮುಗಿದಿತ್ತು.

ಶಿವನಂಜಪ್ಪ ಬೀರು ಸಾಗಿಸಲು ಗಾಡಿ ಹುಡುಕಿಕೊಂಡು ಹೊರಟರು. ಪಂಚಾಕ್ಷರಿ ಮಾತ್ರ ನಿಂತಲ್ಲೇ ನಿಂತಿದ್ದ. ಅವನ ಕಣ್ಣು ಹುಡುಗಿಯ ಮೇಲಿಂದ ಕದಲಲಿಲ್ಲ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಆ ಕೂಸಿನ ಮನೆಗೆ ದಾರಿ ಹೇಗೆ ಅಂತ ಕೇಳಿಟ್ಕೊ, ಪಂಚಾಕ್ಷರಿ. ನನಗೆ ಗೊತ್ತಿರೋದನ್ನೆಲ್ಲ ಹೇಳಿಕೊಟ್ಟ ಮೇಲೆ ಮಿಕ್ಕ ಪಾಠಕ್ಕೆ ನಿನ್ನ ಅಲ್ಲಿಗೇ ಕಳಿಸಬೇಕು."