ಮೌನೇಶ ಕೊರೆದ ಹೆಬ್ಬಾಗಿಲು

ನಗುವವರು ಹತ್ತಿರ ಬನ್ನಿ, ಹೂಂಗುಟ್ಟುವವರು ಇನ್ನೂ ಹತ್ತಿರ ಬನ್ನಿ. ತಿಪಟೂರಿನ ಹಾಸನ ರಸ್ತೆಯಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮೌನೇಶ. ಆಳು ನೋಡಿದರೆ ತೇಗದ ಕಂಬ, ಬುದ್ಧಿ ನೋಡಿದರೆ ಮರದ ಹೊಟ್ಟು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆಯಿಲ್ಲ.

ಎದುರಿನ ಶೆಡ್ಡು ಅವಳ ವಾರಗಿತ್ತಿ ಮಂಗಳಮ್ಮನದು. ಬಾಗಿಲಿಗೆ ಚಿತ್ತಾರ ಕೊರೆಯುವ ಸಿ.ಎನ್.ಸಿ. ಮೆಷಿನ್ನು ಇಬ್ಬರಿಗೂ ಒಂದೇ ಲಾರಿಯಲ್ಲಿ ಬಂದಿತ್ತು. ಗಿರಾಕಿಗಳು ಮಾತ್ರ ಆ ಕಡೆಗೇ. ಯಾಕೆ ಅಂತೀರಿ? ಇಂಜಿನಿಯರ್ ಕಳಿಸಿದ ಕ್ಯಾಡ್ ಡ್ರಾಯಿಂಗನ್ನು ಕಂಪ್ಯೂಟರಿಗೆ ಇಂಪೋರ್ಟ್ ಮಾಡಿ, ಬೇಡದ ಗೆರೆ ತೆಗೆದು, ಆಮೇಲೆ ಮೆಷಿನ್ನಿಗೆ ಕೊಡಬೇಕು. ಮಂಗಳಮ್ಮನ ಮಗ ಅಮರೇಶ ಅದರಲ್ಲಿ ಎತ್ತಿದ ಕೈ. ಕಾಳಮ್ಮನಿಗೆ ಹೊಟ್ಟೆಯೊಳಗೆ ಕೆಂಡ. ಆ ಶೆಡ್ಡಿನ ಮೆಷಿನ್ನು ಗುಂಯ್ ಅಂದರೆ ಸಾಕು, ಇವಳಿಗೆ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ.

ಹಾಗೂ ಹೀಗೂ ಒಬ್ಬ ಗಿರಾಕಿ ಇವಳ ಶೆಡ್ಡಿಗೆ ಬಂದ. ಡ್ರಾಯಿಂಗಲ್ಲಿ ಇರುವುದೆಲ್ಲ ಬಾಗಿಲ ಮೇಲೆ ಬರಬೇಕು ಅಂತ ಕಾಳಮ್ಮ ಮಗನಿಗೆ ಹೇಳಿದಳು. ಎಲ್ಲವೂ ಬಂತು. ನಡುವೆ ಕಮಲ ಬಂತು. ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಏಳು ಅಡಿ’ ಅಂತ ಬಂತು. ಕೆಳಗೆ ಇಂಜಿನಿಯರ್ ಹೆಸರು ಬಂತು, ಅದರ ಕೆಳಗೆ ‘ಮರ ಚೆನ್ನಾಗಿ ಒಣಗಿರಲಿ’ ಅಂತಲೂ ಬಂತು. ಗಿರಾಕಿ ರಸ್ತೆ ದಾಟಿ ಎದುರು ಶೆಡ್ಡಿಗೆ ಹೋದ.

“ಅಯ್ಯೋ ಮಂಕೇ, ಅಕ್ಷರ ಇರೋದು ನಾವು ಓದ್ಕೊಳ್ಳಕ್ಕೆ ಕಣೋ. ಇಂಪೋರ್ಟ್ ಮಾಡಿದ ತಕ್ಷಣ ಎಲ್ಲಾ ಅಳಿಸಿಬಿಡು.”

“ಆಯ್ತು ಕಣಮ್ಮ, ಹಂಗೇ ಮಾಡ್ತೀನಿ.”

ಹಂಗೇ ಮಾಡಿದ. ಮುಂದಿನ ವಾರ ಮೇಷ್ಟ್ರೊಬ್ಬರು ಮನೆಗೆ ‘ಶಾರದಾ ನಿಲಯ’ ಅಂತ ಹೆಸರಿನ ಹಲಗೆ ಕೇಳಿದರು. ಮೌನೇಶ ಸುತ್ತ ಬಳ್ಳಿ ಕೊರೆದು ಬೋಳು ಹಲಗೆ ಕೈಗಿಟ್ಟ. ಮೇಷ್ಟ್ರು ಹೆಸರು ಹಿಂದೆ ಇದೆಯೇನೋ ಅಂತ ತಿರುಗಿಸಿ ನೋಡಿದರು. ಎದುರು ಶೆಡ್ಡಿನಿಂದ ಮಂಗಳಮ್ಮ ಇತ್ತ ನೋಡುತ್ತಿದ್ದಳು, ಅದೇ ಕಾಳಮ್ಮನಿಗೆ ಹೆಚ್ಚು ಉರಿದದ್ದು. ಇನ್ನು ಸಾಯುವತನಕ ಅಕ್ಷರದ ತಂಟೆಗೆ ಹೋಗಬೇಡ ಅಂತ ಮಗನ ತಲೆ ಮೇಲೆ ಮೊಟಕಿದಳು.

ಆಮೇಲೆ ಸುಣ್ಣ ಕೇಳುವ ನೆಪದಲ್ಲಿ ಎದುರು ಶೆಡ್ಡಿಗೆ ಹೋಗಿ ಅಮರೇಶ ಏನು ಮಾಡುತ್ತಾನೆ ಅಂತ ಕದ್ದು ನೋಡಿದಳು. ಗೆರೆ ಮೇಲೆ ಗೆರೆ ಕೂತಿದ್ದರೆ ಮೆಷಿನ್ನು ಕೊರೆದಲ್ಲೇ ಕೊರೆದು ಮರ ಸುಡುತ್ತದೆ, ಅದಕ್ಕೆ ಅವನು ಒಂದನ್ನು ತೆಗೆಯುತ್ತಿದ್ದ. ಸುಣ್ಣ ಅಲ್ಲೇ ಬಿಟ್ಟು ಓಡಿ ಬಂದಳು.

“ಲೋ, ಒಂದೇ ಥರದ್ದು ಎರಡಿದ್ರೆ ಒಂದನ್ನ ತೆಗೆದುಬಿಡು. ಅವನ ಗುಟ್ಟು ಅದೇ!”

“ಆಯ್ತು ಕಣಮ್ಮ, ಹಂಗೇ ಮಾಡ್ತೀನಿ.”

ಹಂಗೇ ಮಾಡಿದ. ದೇವರ ಮನೆಗೆ ಜೋಡಿ ಬಾಗಿಲು, ಎರಡು ನವಿಲು ಮುಖಾಮುಖಿ. ಮೌನೇಶ ಒಂದನ್ನು ಉಳಿಸಿದ, ಇನ್ನೊಂದನ್ನು ಅಳಿಸಿದ. ಇನ್ನೊಂದು ಎಲ್ಲೋ ಅಂದರೆ, ಅದೂ ನವಿಲೇ ಅಲ್ಲವೇನಮ್ಮ ಅಂದ. ಮದುವೆಗೆ ಬಂದ ಮಗಳಿರುವ ಮನೆಗೆ ಒಂಟಿ ನವಿಲೇ ಅಂತ ಆ ಮನೆಯಾಕೆ ಕಣ್ಣೊರೆಸಿಕೊಂಡು, ಬಾಗಿಲು ಹೊರಿಸಿಕೊಂಡು ಎದುರು ಶೆಡ್ಡಿಗೆ ಹೋದಳು. ಸಂಜೆಯೊಳಗೆ ಅಮರೇಶ ಜೋಡಿ ಕೂರಿಸಿಕೊಟ್ಟ.

ಅಷ್ಟರಲ್ಲಿ ಅವರದೇ ಜನಾಂಗದ ಸಂಘದವರು ಹೊಸ ಕಲ್ಯಾಣ ಮಂಟಪ ಕಟ್ಟಿಸಿದರು. ಹಿರಿಸೊಸೆ ಅನ್ನುವ ಮರ್ಯಾದೆಗೆ ಹೆಬ್ಬಾಗಿಲು ಕಾಳಮ್ಮನಿಗೆ ಕೊಟ್ಟರು, ಊಟದ ಮನೆ ಬಾಗಿಲು ಮಂಗಳಮ್ಮನಿಗೆ. ಚಿತ್ತಾರ ಒಂದೇ, ಅಳತೆ ಒಂದೇ, ಬಾಗಿಲ ನೆತ್ತಿಯಲ್ಲಿ ಮಾಡಿದವರ ಹೆಸರು ಕೊರೆಯಬಹುದು ಅಂತಲೂ ಅಂದರು. ಅವತ್ತು ಕಾಳಮ್ಮ ಎರಡು ಮುದ್ದೆ ಉಂಡಳು. ಇನ್ನು ಯಾರ ಮದುವೆಯಾದರೂ ಆಗಲಿ, ಬಂದವರೆಲ್ಲ ಮೊದಲು ತನ್ನ ಹೆಸರು ಓದಿಯೇ ಒಳಗೆ ಕಾಲಿಡಬೇಕು. ಹೊಟ್ಟೆಯ ಕೆಂಡ ಆರಲು ಅವಳಿಗೆ ಅದೊಂದು ಸಾಕಿತ್ತು.

ಅಮರೇಶ ಒಳ್ಳೆಯ ಹುಡುಗ. ತಾನೇ ಪೆನ್ ಡ್ರೈವ್ ತಂದ. “ದೊಡ್ಡಮ್ಮ, ಡ್ರಾಯಿಂಗ್ ಪೂರ್ತಿ ಸರಿ ಮಾಡಿದೀನಿ. ಹೆಸರೊಂದು ಮಾತ್ರ...”

ಆ ಮನೆಯವರ ಬುದ್ಧಿವಾದ ಬೇರೆ ಕೇಳಬೇಕೇ ತಾನು? ಕಾಳಮ್ಮ ಪೆನ್ ಡ್ರೈವ್ ಕಿತ್ತುಕೊಂಡು, ಗೊತ್ತು ಹೋಗಪ್ಪ ಅಂದಳು. ಆಮೇಲೆ ಮಗನನ್ನು ಕೂರಿಸಿಕೊಂಡಳು.

“ಅವನು ಸರಿ ಮಾಡವ್ನೆ. ನೀನು ಒಂದು ಚುಕ್ಕೆ ಸೇರಿಸಬೇಡ, ಒಂದು ಚುಕ್ಕೆ ತೆಗೀಬೇಡ. ಕೊರೆದ ತಕ್ಷಣ ಬಟ್ಟೆ ಸುತ್ತಿಬಿಡು. ಆ ಮಂಗಳಮ್ಮನ ದೃಷ್ಟಿ ಕೆಟ್ಟದ್ದು, ಬಾಗಿಲು ಯಾರ ಕಣ್ಣಿಗೂ ಬೀಳಬಾರದು.”

“ಆಯ್ತು ಕಣಮ್ಮ, ಹಂಗೇ ಮಾಡ್ತೀನಿ.”

ಹಂಗೇ ಮಾಡಿದ. ಕಾಳಮ್ಮ ನೋಡಲು ಬಂದರೆ ಅವಳಿಗೂ ತೋರಿಸಲಿಲ್ಲ. ಯಾರ ಕಣ್ಣಿಗೂ ಅಂದಮೇಲೆ ಅಮ್ಮನಿಗೂ ಕಣ್ಣಿದೆಯಲ್ಲ. ಮಗನಿಗೆ ಕಡೆಗೂ ಬುದ್ಧಿ ಬಂತು ಅಂತ ಅವಳು ಹಿಗ್ಗಿದಳು, ಮಂಟಪದ ಪೂಜೆಯ ದಿನ ರೇಷ್ಮೆ ಸೀರೆ ಉಟ್ಟು ಬೇಕೆಂದೇ ಮಂಗಳಮ್ಮನ ಪಕ್ಕದಲ್ಲಿ ನಿಂತಳು.

ಅಧ್ಯಕ್ಷರು ಬಟ್ಟೆ ಎಳೆದರು. ಬಾಗಿಲೆಂದರೆ ಬಾಗಿಲು! ನವಿಲು ಎರಡು, ಬಳ್ಳಿ ಎರಡು, ಒಂದು ಗೆರೆ ಸುಟ್ಟಿಲ್ಲ. ನೆತ್ತಿಯಲ್ಲಿ ಗೇಣುದ್ದದ ಅಕ್ಷರ: ‘ಮಂಗಳಮ್ಮ ಮತ್ತು ಮಗ, ಹಾಸನ ರಸ್ತೆ.’

ಜನ ಚಪ್ಪಾಳೆ ತಟ್ಟಿ ಮಂಗಳಮ್ಮನನ್ನು ಮುತ್ತಿಕೊಂಡರು. ಇದು ನನ್ನದಲ್ಲ ಅಂತ ಅವಳು ಕೈ ಆಡಿಸಿದರೂ ಕೇಳುವವರಿಲ್ಲ. ದೊಡ್ಡ ಗುಣ ನಿಮ್ಮದು ಅಂತ ಇನ್ನಷ್ಟು ಹೊಗಳಿದರು. ಮೌನೇಶ ನಗುತ್ತಾ ಅಮ್ಮನ ಹತ್ತಿರ ಬಂದು, ಅಕ್ಷರದ ತಂಟೆಗೆ ಹೋಗಲೇ ಇಲ್ಲ ನೋಡು ಅಂದ.

ಕಾಳಮ್ಮ ಮಗನ ತೋಳು ಹಿಡಿದು ಎಳೆದಳು. “ಆ ಹೆಸರು ನನ್ನ ಕಣ್ಣಿಗೆ ಕಾಣದಂಗೆ ಮಾಡೋ, ನಿನ್ನ ದಮ್ಮಯ್ಯ” ಅಂದಳು.

“ಆಯ್ತು ಕಣಮ್ಮ, ಹಂಗೇ ಮಾಡ್ತೀನಿ.”

ಬಾಗಿಲಿನ ಬಟ್ಟೆ ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಬಂದು, ಅಮ್ಮನ ರೇಷ್ಮೆ ಸೀರೆ, ಮುಡಿದ ಮಲ್ಲಿಗೆ, ಉರಿಯುವ ಕಣ್ಣು ಎಲ್ಲ ಸೇರಿಸಿ ತಲೆಯಿಂದ ಮೂರು ಸುತ್ತು ಬಿಗಿಯಾಗಿ ಸುತ್ತಿದ. ಊರವರೆಲ್ಲ ಹಬ್ಬದೂಟಕ್ಕೆ ಮಂಗಳಮ್ಮನ ಇನ್ನೊಂದು ಬಾಗಿಲು ದಾಟಿ ಹೋಗುವವರೆಗೂ ಬಟ್ಟೆಯ ತುದಿ ಹಿಡಿದುಕೊಂಡೇ ನಿಂತಿದ್ದ, ನಡುನಡುವೆ ಬಗ್ಗಿ ಕೇಳುತ್ತಿದ್ದ: “ಈಗ ಕಾಣ್ತಾ ಇಲ್ಲ ತಾನೇ, ಅಮ್ಮ?”