ಔಟಾದವರ ಸಾಲು

ಕೆರೆಯಂಗಳದ ಕಬಡ್ಡಿಯಲ್ಲಿ ಏಳು ವರ್ಷ ಉಸಿರು ಬಿಡದೆ ಕೂಗಿ ಕಪ್ಪೆಗಳನ್ನು ಗೆಲ್ಲಿಸಿದವನು ವಟರಪ್ಪ. ಹೋದ ವರ್ಷದ ಫೈನಲ್‌ನಲ್ಲಿ ಎದುರು ತಂಡದ ಏಡಿಯೊಂದು ಅವನ ಕಾಲು ಮುರಿದರೂ ತೆವಳಿ ಬಂದು, ನಡುಗೆರೆ ಮುಟ್ಟಿ, ಟ್ರೋಫಿ ತಂದಿದ್ದ.

ಈ ವರ್ಷ ಕುಂಟುತ್ತ ಬಂದು ಔಟಾದವರ ಸಾಲಿನಲ್ಲಿ ಕೂತ. ತಂಡಕ್ಕೊಂದು ಅಂಕ ಬಂದರೆ ಆ ಸಾಲಿನಿಂದ ಒಬ್ಬ ಆಟಕ್ಕೆ ಮರಳುವುದು ನಿಯಮ. ಅಂಕ ಬಂತು. ವಟರಪ್ಪ ಎದ್ದ.

“ಕೂತ್ಕೊಳ್ಳಣ್ಣ,” ಎಂದ ಕಪ್ಪೆಗಳ ನಾಯಕ. “ನಿನ್ನ ಹೆಸರು ತಂಡದಲ್ಲೇ ಇಲ್ಲ.”

“ಟ್ರೋಫಿಯ ಮೇಲೆ ಇದೆಯಲ್ಲೋ?”

“ಅದು ಹೋದ ವರ್ಷದ್ದು.”

ಆಗಷ್ಟೇ ಔಟಾಗಿ ಎದುರಿನ ಏಡಿಗಳ ಸಾಲಿಗೆ ಬಂದಿದ್ದ ಏಡಿಯೊಂದು ಸರಿದು ಜಾಗ ಬಿಟ್ಟಿತು. “ಇಲ್ಲಿ ಬಾರಣ್ಣ. ನಿನ್ನ ಕಾಲು ಮುರಿದವನು ನಾನು, ನಿನ್ನನ್ನು ಹೇಗೆ ಮರೆಯಲಿ?”

ವಟರಪ್ಪ ಅಲ್ಲಿಗೇ ಹೋಗಿ ಕೂತ.